ತಾಂಬೂಲ ತೆಗೆದುಕೊಂಡ ಮಿಷನ್ ಅಮ್ಮ

ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಹಿಂದೆ, ಬಾಡಿಗೆ ಮನೆಯಲ್ಲಿ, ಒಬ್ಬ ಬ್ಯಾಪ್ಟಿಸ್ಟ್ ಮಿಷನರಿ ಇದ್ದರು. ವಿದೇಶದವರು, ಅರವತ್ತು ದಾಟಿದ ಹೆಂಗಸು. ಹೈಸ್ಕೂಲಿನ ಹುಡುಗಿಯರಿಗೆ ಸಂಜೆ ಇಂಗ್ಲಿಷು, ಲೆಕ್ಕ ಹೇಳಿಕೊಡುತ್ತಿದ್ದರು. ಊರಿಗೆಲ್ಲ ಅವರು ಮಿಷನ್ ಅಮ್ಮ. ಯಾವ ಹುಡುಗಿಯಾದರೂ ಎರಡು ದಿನ ಬರದಿದ್ದರೆ ಮೂರನೆಯ ದಿನ ಅವಳ ಮನೆ ಬಾಗಿಲಲ್ಲಿ ನಿಂತಿರುತ್ತಿದ್ದರು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ವಾರವಿದ್ದಾಗ ಅಪ್ಪ ನನ್ನ ಸ್ಕೂಲು, ಮಿಷನ್ ಅಮ್ಮನ ಪಾಠ ಎರಡನ್ನೂ ಬಿಡಿಸಿದರು. ಸಿಂಗಟಗೆರೆಯ ಸಂಬಂಧ ಕುದುರಿತ್ತು. ಮುಹೂರ್ತ ಪರೀಕ್ಷೆಯ ವಾರದಲ್ಲೇ ಬಿದ್ದಿತ್ತು. ವೀಳ್ಯಶಾಸ್ತ್ರದ ದಿನ, ಬೀಗರು ಊಟ ಮುಗಿಸಿ ಹೊರಟ ಮೇಲೆ, ಮಿಷನ್ ಅಮ್ಮ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅಪ್ಪನ ಅಕ್ಕ, ನನ್ನ ದೊಡ್ಡತ್ತೆ, ಎಲೆ ಅಡಿಕೆಯ ತಟ್ಟೆ ಹಿಡಿದರು. ಯಾರ ಮನೆಯಲ್ಲೂ ಕೊಟ್ಟಿದ್ದನ್ನು ಬೇಡವೆನ್ನಬಾರದು ಎಂಬುದು ಮಿಷನ್ ಅಮ್ಮನ ನಿಯಮ. ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ, "ಈ ಮಗಳು ಪರೀಕ್ಷೆಯನ್ನು ಬರೆಯಬೇಕು" ಎಂದರು. ಅವರದು ಪುಸ್ತಕದ ಕನ್ನಡ.

ಅಪ್ಪ ನಕ್ಕರು. "ತಾಂಬೂಲ ಈಸ್ಕೊಂಡಾಯ್ತಲ್ಲಮ್ಮ. ಇನ್ನೇನು ಮಾತು?"

ಆ ದಿನ ಹೆಣ್ಣಿನ ಮನೆಯಲ್ಲಿ ತಾಂಬೂಲ ಹಿಡಿದವರು ಸಂಬಂಧಕ್ಕೆ ಒಪ್ಪಿದ ಹಿರಿಯರು ಎಂದು ಲೆಕ್ಕ. ದೊಡ್ಡತ್ತೆ ಅದನ್ನು ಬಿಡಿಸಿ ಹೇಳಿದಾಗ ಮಿಷನ್ ಅಮ್ಮನ ಮುಖ ಕೆಂಪಾಯಿತು. ಹಿಂದಕ್ಕೆ ಕೊಟ್ಟರೆ ಮನೆಗೆ ಅವಮಾನ. ಎಲೆ ಹಿಡಿದುಕೊಂಡೇ ಹೊರಟುಹೋದರು. ಅಡುಗೆಮನೆಯ ಬಾಗಿಲಲ್ಲಿದ್ದ ನಾನು ಇನ್ನು ಮುಗಿಯಿತು ಅಂದುಕೊಂಡೆ.

ಮರುದಿನ ಅಪ್ಪ ಮುಖ ತೊಳೆಯುವಾಗಲೇ ಮಿಷನ್ ಅಮ್ಮ ಅಂಗಳಕ್ಕೆ ಬಂದರು. "ನಾನು ತಾಂಬೂಲ ತೆಗೆದುಕೊಂಡೆನು. ಆದ್ದರಿಂದ ಹೆಣ್ಣಿನ ಕಡೆಯ ಹಿರಿಯಳು. ದಿನವನ್ನು ಗೊತ್ತುಮಾಡಲು ಹಿರಿಯರನ್ನು ಕೇಳಬೇಕಲ್ಲವೇ? ಮದುವೆಯು ಪರೀಕ್ಷೆಯ ನಂತರ ಆಗಲಿ."

"ಅಕ್ಕಯ್ಯ, ಇವರ ಮಾತು ಕೇಳಿಸ್ಕೊಂಡ್ಯಾ?"

"ಸರಿಯಾಗೇ ಕೇಳ್ತಾವ್ರೆ ಕಣೋ" ಎಂದರು ದೊಡ್ಡತ್ತೆ. "ತಟ್ಟೆ ಹಿಡಿದೋಳು ನಾನು. ಈಗ ಇಲ್ಲ ಅನ್ನಕಾಯ್ತದಾ?"

"ಬೀಗ್ರು ಒಪ್ಪಬೇಕಲ್ಲ."

"ನಾನು ಕೇಳುವೆನು" ಎಂದು ಮಿಷನ್ ಅಮ್ಮ ಕಡೂರಿನ ಬಸ್ಸು ಹತ್ತಿದರು.

ಸಿಂಗಟಗೆರೆಯಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಮಜ್ಜಿಗೆ ಕೊಟ್ಟರು, ಯೋಚಿಸಿ ಹೇಳುತ್ತೇವೆ ಎಂದರು ಎಂದಷ್ಟೇ ಅವರು ಬಂದು ತಿಳಿಸಿದ್ದು. ಎರಡು ವಾರ ಸುದ್ದಿಯಿಲ್ಲ. ಒಳಗೆ ಸೀರೆ ಆರಿಸುತ್ತಿದ್ದರು. ನಾನು ಹಿತ್ತಲಲ್ಲಿ ಓದುತ್ತಿದ್ದೆ. ಬೀದಿಯಲ್ಲಿ ಸೈಕಲ್ ನಿಂತ ಸದ್ದಾದರೆ ಪುಸ್ತಕ ಮುಚ್ಚಿ ಎದ್ದು ಬರುತ್ತಿದ್ದೆ. ಒಂದೇ ಪುಟವನ್ನು ಎಷ್ಟು ಸಲ ತಿರುವಿದೆನೋ.

ಪರೀಕ್ಷೆಗೆ ಮೂರು ದಿನವಿರುವಾಗ ಗಂಡಿನ ತಾಯಿ ಹೇಳಿ ಕಳಿಸಿದರು: "ಪರೀಕ್ಷೆ ಬರ್ಕೊಂಡೇ ಬರ್ಲಿ, ಮದ್ವೆ ಆಮೇಲೇ ಆಗ್ಲಿ. ಫೇಲಾದ್ರೆ ಮಾತ್ರ ನಮ್ಮೂರಲ್ಲಿ ಯಾರಿಗೂ ಹೇಳ್ಬೇಡಿ ಕಣ್ರೀ."

ತರೀಕೆರೆಯಲ್ಲಿ ಸೆಂಟರು. ಮಿಷನ್ ಅಮ್ಮ ಗೇಟಿನವರೆಗೆ ಬಂದರು. ಒಳಗೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಎರಡನೆಯದರಿಂದ ಶುರುಮಾಡಿದೆ.