ಬೀಗರಿಬ್ಬರ ಗಾಳಿಯಂತ್ರ

ನನ್ನ ಮಗಳು ‘ಅಮ್ಮ’ ಅನ್ನೋದು ಕಲಿಯುವುದಕ್ಕಿಂತ ಮೊದಲೇ ‘ಸಬ್ಸಿಡಿ’ ಅನ್ನೋ ಮಾತನ್ನು ಸಾವಿರ ಸಲ ಕೇಳಿಸಿಕೊಂಡಿದ್ದಳು. ಅದಕ್ಕೆ ಕಾರಣ ಅವಳ ಇಬ್ಬರು ತಾತಂದಿರು. ಒಬ್ಬರು ನಮ್ಮಪ್ಪ, ಉದ್ದನಪಲ್ಲಿಯಲ್ಲಿ ಟೊಮೆಟೊ, ಬೀನ್ಸು ಬೆಳೆಯೋ ರೈತ. ಇನ್ನೊಬ್ಬರು ನಮ್ಮ ಮಾವ, ಮಂಡ್ಯ ಕಡೆಯಿಂದ ಹೊಸೂರಿಗೆ ಬಂದು ಒಂದು ಕಂಪನಿಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಇಬ್ಬರಿಗೂ ಮಾತು ಅಂದ್ರೆ ಪ್ರಾಣ, ಸೋಲೋದು ಅಂದ್ರೆ ಇಬ್ಬರಿಗೂ ಆಗದು. ಮಧ್ಯದಲ್ಲಿ ಸಿಕ್ಕಿಕೊಂಡವಳು ನಾನು.

ಹೆರಿಗೆ ತವರಲ್ಲಾಯಿತು. ಐದನೇ ತಿಂಗಳಿಗೆ ಮಗು ಎತ್ತಿಕೊಂಡು ಹೊಸೂರಿನ ಆಲಸನತ್ತಂನ ಗಂಡನ ಮನೆಗೆ ವಾಪಸ್ ಬಂದೆ. ಅಪ್ಪನಿಗೆ ಮೊಮ್ಮಗಳನ್ನು ಬಿಟ್ಟಿರೋಕೆ ಆಗಲಿಲ್ಲ. ಹೊಸೂರು ಮಾರ್ಕೆಟ್ಟಿಗೆ ತರಕಾರಿ ಹಾಕೋಕೆ ಬಂದಾಗಲೆಲ್ಲ ಖಾಲಿ ಕ್ರೇಟುಗಳನ್ನು ಟೆಂಪೋದಲ್ಲೇ ಬಿಟ್ಟು, ಒಂದು ಚೀಲ ಬೀನ್ಸೋ ಕೊತ್ತಂಬರಿಯೋ ಹಿಡಿದುಕೊಂಡು ಬಂದುಬಿಡೋರು. ಗೇಟಲ್ಲೇ ನಿಂತು "ಅಮ್ಮಣ್ಣೀ" ಅಂತ ಅವರು ನನ್ನನ್ನು ಕೂಗಿದರೆ ಬೀದಿಗೆಲ್ಲ ಕೇಳಿಸೋದು. ಸೆಕೆಂಡ್ ಶಿಫ್ಟ್ ಇದ್ದ ವಾರ ಮಾವನೂ ಬೆಳಗ್ಗೆ ಮನೆಯಲ್ಲೇ ಇರೋರು. ಬೀಗರಿಬ್ಬರೂ ನಡುಮನೆಯಲ್ಲಿ ಎದುರುಬದುರು ಕೂತು, ಕಾಫಿ ಕುಡಿಯುತ್ತಾ ಮಳೆ, ಟೊಮೆಟೊ ರೇಟು, ಮಂಡಿನೋವು ಅಂತ ಮಾತಾಡಿಕೊಳ್ಳೋರು.

ಗಡಿಯ ಈಚೆ, ತಮಿಳು ಸೀಮೆಯಲ್ಲಿರೋ ನಮ್ಮ ಊರುಗಳೆಲ್ಲ ಹೊಸ ಕೃಷ್ಣಗಿರಿ ಜಿಲ್ಲೆಗೆ ಸೇರಿ ಕೆಲವು ವರ್ಷ ಆಗಿತ್ತು. ಆಫೀಸಿನ ಬೋರ್ಡುಗಳೆಲ್ಲ ಹೊಸದಾದವು, ಕರೆಂಟು ಮಾತ್ರ ಹಳೇ ಚಾಳಿ ಬಿಡಲಿಲ್ಲ, ಇನ್ನಷ್ಟು ಕೆಟ್ಟಿತು. ಒಂದು ಬೆಳಗ್ಗೆ ಅತ್ತೆ ಚಟ್ನಿ ರುಬ್ಬುತ್ತಿದ್ದಾಗ ಮಿಕ್ಸಿ ಗಕ್ಕನೆ ನಿಂತಿತು. ಅತ್ತೆ ಅಡುಗೆಮನೆಯಿಂದಲೇ ಕರೆಂಟಿನವರ ವಂಶವನ್ನೆಲ್ಲ ನೆನೆಸಿಕೊಂಡರು. ಮಾವ ನಕ್ಕು, "ಊರಿಗೆ ಎಷ್ಟು ಕಟ್ ಆದ್ರೂ ನಮ್ ಕಂಪನಿಗೆ ಅಷ್ಟು ತೊಂದ್ರೆ ಇಲ್ಲ ಬೀಗ್ರೇ. ನಮ್ ಓನರ್ರು ಕನ್ಯಾಕುಮಾರಿ ಕಡೆ ಗಾಳಿಯಂತ್ರ ಹಾಕ್ಸವ್ರೆ" ಅಂದರು.

ಅಪ್ಪನ ಕಿವಿ ನೆಟ್ಟಗಾಯಿತು. "ಅಲ್ಲಿ ಬೀಸೋ ಗಾಳಿಗೆ ಇಲ್ಲಿ ಮಿಷನ್ನು ತಿರುಗ್ತದಾ?"

"ಅಲ್ಲಿ ಗೌರ್ಮೆಂಟ್ ಲೈನಿಗೆ ಕೊಡ್ತಾರೆ, ಇಲ್ಲಿ ಲೈನಿಂದ ತಗೋತಾರೆ. ನೀವು ರಾಯಕೋಟೆ ಬ್ಯಾಂಕಲ್ಲಿ ದುಡ್ಡು ಕಟ್ಟಿ ಹೊಸೂರಲ್ಲಿ ತಗೊಳ್ಳಲ್ವಾ, ಹಂಗೆ."

"ಅಷ್ಟು ದೊಡ್ಡ ಕಾತ್ತಾಡಿ ನಿಲ್ಸೋಕೆ ದುಡ್ಡು ಯಾರ್ದು?"

"ಓನರ್ರದ್ದೇ. ಗೌರ್ಮೆಂಟು ಟ್ಯಾಕ್ಸಲ್ಲಿ ಒಂದಿಷ್ಟು ಬಿಡ್ತದೆ. ಸಬ್ಸಿಡಿ ಇದ್ದಂಗೆ."

"ಮಾನಿಯಂ ಅನ್ನಿ" ಅಂದರು ಅಪ್ಪ. ತಮಿಳು ಆಫೀಸುಗಳಲ್ಲಿ ಅಲೆದೂ ಅಲೆದೂ ನಮ್ಮ ಕಡೆಯವರಿಗೆ ಸಬ್ಸಿಡಿ ಅಂದರೆ ಮಾನಿಯಂ, ಗಾಳಿಯಂತ್ರ ಅಂದರೆ ಕಾತ್ತಾಡಿ. "ಗಾಳಿ ದೇವ್ರು ಕೊಟ್ಟಿದ್ದು. ದುಡ್ಡಿರೋನು ಅದನ್ನ ಹಿಡ್ಕಂಡ್ರೆ ಅವನಿಗೆ ಮಾನಿಯಂ ಬೇರೆ ಯಾಕೆ?"

ತಗೋ, ಶುರುವಾಯಿತು.

ಬೀಗರು ಅಂದಮೇಲೆ ಒಬ್ಬರಿಗೊಬ್ಬರು ‘ನೀವು ಹೇಳಿದ್ದು ತಪ್ಪು’ ಅನ್ನೋ ಹಾಗಿಲ್ಲ. ಹೆಣ್ಣು ಕೊಟ್ಟವರು ತಗ್ಗಿ ನಡೀಬೇಕು, ತಂದುಕೊಂಡವರು ತೂಕವಾಗಿ ಇರಬೇಕು. ಆದರೆ ಹೇಳದಿದ್ದರೆ ಇಬ್ಬರ ಹೊಟ್ಟೆಯೂ ಉಬ್ಬಿಹೋಗುತ್ತಿತ್ತೋ ಏನೋ. ಅದಕ್ಕೇ ಇಬ್ಬರೂ ನನ್ನ ಮಗಳನ್ನು ಹಿಡಿದುಕೊಂಡರು. ಮಾವ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು, "ಪುಟ್ಟಕ್ಕಾ, ಕಲ್ಲಿದ್ದಲು ಸುಟ್ರೆ ಹೊಗೆ ಹೋಗೋದು ನಿನ್ನ ಎದೆಗೇ ಅಂತ ಉದ್ದನಪಲ್ಲಿ ತಾತಂಗೆ ಹೇಳು" ಅನ್ನೋರು. ಅಪ್ಪ ಕೈಚಾಚಿ ಅವಳನ್ನು ಈಚೆಗೆ ಎಳೆದುಕೊಂಡು, "ಗಾಳಿ ನಿಂತ್ರೆ ಆ ಕಾತ್ತಾಡಿ ಬೆದರುಬೊಂಬೆ ಆಯ್ತದೆ ಅಂತ ಕಂಪನಿ ತಾತಂಗೆ ಹೇಳು ನನ್ನವ್ವ" ಅನ್ನೋರು. ಅವಳು ಯಾರು ಮಾತಾಡಿದರೆ ಅವರ ಬಾಯಿ ನೋಡಿ ಬೊಚ್ಚುಬಾಯಿ ಬಿಟ್ಟು ನಗೋಳು. ಇಬ್ಬರೂ ತಾವೇ ಗೆದ್ದೆವು ಅಂದುಕೊಳ್ಳೋರು.

ವಾರ ವಾರವೂ ವಾದ ಬೆಳೆಯಿತು. ಅಪ್ಪ ಊರಿನ ಟೀ ಅಂಗಡಿಯಲ್ಲಿ ಚರ್ಚೆ ಮಾಡಿಕೊಂಡು ಬರೋರು, ಮಾವ ಕಂಪನಿ ಕ್ಯಾಂಟೀನಿನಲ್ಲಿ ಕೇಳಿಕೊಂಡು ಬರೋರು. ನನ್ನ ಗಂಡ ಜಾಣ, ಗೇಟಲ್ಲಿ ಅಪ್ಪನ ಧ್ವನಿ ಕೇಳಿದ ತಕ್ಷಣ ಟವೆಲು ಹಿಡಿದು ಬಚ್ಚಲುಮನೆಗೆ ಹೋಗಿಬಿಡೋರು. ಮಗಳು ಗೋಡೆ ಹಿಡಿದು ನಿಲ್ಲೋದು ಕಲಿತಾಗ ಮಾವನಿಗೆ ಹೊಸ ಆಯುಧ ಸಿಕ್ಕಿತು. "ನೋಡು ಪುಟ್ಟಕ್ಕಾ, ನೀನು ನಡೆಯೋಗಂಟ ನಾವು ಕೈ ಹಿಡೀಬೇಕಲ್ವಾ? ಗಾಳಿ ಕರೆಂಟೂ ಹಂಗೇ. ಹೊಸದು, ಗೌರ್ಮೆಂಟು ಕೈ ಹಿಡೀಬೇಕು."

ಅಪ್ಪ ಬಿಟ್ಟಾರಾ? "ಹಿಡೀಲಿ, ಬ್ಯಾಡ ಅಂದೋರು ಯಾರು. ಮದ್ವೆ ಆಗೋವರ್ಗೂ ಕಂಕುಳಲ್ಲೇ ಎತ್ಕಂಡು ತಿರುಗ್ತಾರಂತಾ ಕೇಳವ್ವ."

ಅಡುಗೆಮನೆಯಲ್ಲಿ ನಾನೂ ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ಅಪ್ಪ ಇನ್ನೊಂದು ದಿನ ಹೇಳಿದ್ದಂತೂ ಮಾವನನ್ನು ವಾರವಿಡೀ ಕಾಡಿತು. "ಡೈರಿನಾಗೆ ಹಾಲು ಅಳೆದು ದುಡ್ಡು ಕೊಡ್ತಾರೆ. ಹಸು ಕಟ್ಟಿದೀನಿ ಅಂದೇಟ್ಗೆ ಕೊಡ್ತಾರಾ? ಕಾತ್ತಾಡಿ ತಿರುಗಿದಷ್ಟಕ್ಕೆ ಕೊಡ್ಲಿ, ನೆಟ್ಟಿದ್ದಕ್ಕೆ ಯಾಕೆ?" ಮಾವ ಊಟದ ಡಬ್ಬಿ ಎತ್ತಿಕೊಂಡು ಶಿಫ್ಟಿಗೆ ಹೋದರು. ಮುಂದಿನ ಸಲ ಅಪ್ಪ ಚಪ್ಪಲಿ ಬಿಡುವುದಕ್ಕೆ ಮೊದಲೇ, "ಪುಟ್ಟಕ್ಕಾ, ಹಸು ತರೋಕೆ ಸಾಲ ಕೊಟ್ಟೋರು ಯಾರು ಕೇಳು!" ಅಂತ ಬಾಗಿಲಲ್ಲೇ ಹಿಡಿದರು. ನನಗಂತೂ ಆ ಬೆಳಗುಗಳು ಹಬ್ಬ. ಮದುವೆಯಾದ ಮೇಲೆ ಅಪ್ಪ ಇಷ್ಟು ಸಲ ನನ್ನ ಮನೆಗೆ ಬರ್ತಾರೆ, ಇಷ್ಟು ಖುಷಿಯಾಗಿ ಕೂರ್ತಾರೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಆಮೇಲೆ ಮಾವ ತಾರಸಿ ಮೇಲೆ ಸೋಲಾರ್ ಹಾಕಿಸಿದರು. ಬಿಸಿನೀರಿನದ್ದು, ಕರಿ ಗಾಜಿನ ಕೊಳವೆಗಳು, ಮೇಲೊಂದು ಡ್ರಮ್ಮು. ಗೌರ್ಮೆಂಟು ಒಂದು ಪಾಲು ಕೊಡುತ್ತೆ ಅಂತ ಅಲೆದಾಡಿ ಮಾಡಿಸಿಕೊಂಡು ಬಂದಿದ್ದರು. ಅಪ್ಪನನ್ನು ಮೆಟ್ಟಿಲು ಹತ್ತಿಸಿ ತೋರಿಸಿದರು. ಅಪ್ಪ ನೀರಿಗೆ ಕೈಯಿಟ್ಟು "ಅಬ್ಬಾ, ಸುಡ್ತದೆ" ಅಂತ ಮೆಚ್ಚಿಕೊಂಡರು. ಕೆಳಗೆ ಬಂದು ಕಾಫಿ ಹಿಡಿದವರು ಸುಮ್ಮನಿರಬೇಕಲ್ಲ, ನಾಲಿಗೆ ತುರಿಸಿತು. "ನನ್ನವ್ವ, ಕಂಪನಿ ತಾತನೂ ಗೌರ್ಮೆಂಟಿನ ಮುಂದೆ ಕೈ ಚಾಚವ್ರಲ್ಲ, ಇನ್ನು ಓನರ್ರನ್ನ ಏನು ಅನ್ನಾನ?"

ತಮಾಷೆಗೇ ಅಂದಿದ್ದು. ಆದರೆ ಆವತ್ತು ಮಾವನ ಕಡೆಯ ನೆಂಟರಿಬ್ಬರು ಮನೆಯಲ್ಲಿದ್ದರು, ಅವರು ಗೊಳ್ ಅಂತ ನಕ್ಕುಬಿಟ್ಟರು. ಮಾವನ ಮುಖ ಕೆಂಪಾಯಿತು. ಮಗುವಿನ ಕಡೆ ತಿರುಗಿ, "ನಾನು ಮುಕ್ಕಾಲು ಪಾಲು ಕೈಯಿಂದ ಹಾಕಿದೀನಿ ಪುಟ್ಟಕ್ಕಾ. ನಿಮ್ ತಾತನ ಹೊಲದ ಮೋಟ್ರು ಪೂರ್ತಿ ಬಿಟ್ಟಿ ಕರೆಂಟಲ್ಲಿ ಓಡ್ತದೆ. ಬಿಟ್ಟಿ ತಿನ್ನೋರು ಬೇರೆಯವ್ರ ತಟ್ಟೆ ನೋಡಬಾರ್ದು ಅಂತ ಹೇಳು" ಅಂದರು.

ನಮ್ಮ ಕಡೆ ರೈತರಿಗೆ ಪಂಪಿನ ಕರೆಂಟಿಗೆ ಬಿಲ್ಲಿಲ್ಲ, ನಿಜ. ಆದರೆ ಹೆಣ್ಣು ಕೊಟ್ಟವನಿಗೆ, ಅವನ ಮಗಳ ಮುಂದೆ, ನೆಂಟರ ಮುಂದೆ ಆಡೋ ಮಾತಾ ಅದು? ಅಪ್ಪ ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟರು. ಮಗುವಿನ ತಲೆ ಸವರಿ, ನನಗೆ "ಬತ್ತೀನಿ ಅಮ್ಮಣ್ಣಿ, ಟೆಂಪೋದೋನು ಕಾಯ್ತವ್ನೆ" ಅಂದು ಹೋಗಿಬಿಟ್ಟರು. ಆ ಲೋಟ ಎತ್ತಿಕೊಂಡು ಹೋಗಿ ತೊಳೆಯುವಾಗ ಅತ್ತು ಅತ್ತು ನನಗೆ ಸಾಕಾಯಿತು.

ಆಮೇಲೆ ಅಪ್ಪ ಬರಲಿಲ್ಲ. ಬೀನ್ಸಿನ ಚೀಲ ಮಾತ್ರ ಬರೋದು, ಟೆಂಪೋದವನು ಗೇಟಿಗೆ ನೇತುಹಾಕಿ ಹಾರನ್ ಹೊಡೆದು ಹೋಗೋನು. ಮಗಳು ಹಾರನ್ ಕೇಳಿದರೆ ಅಂಬೆಗಾಲಲ್ಲಿ ಬಾಗಿಲಿಗೆ ಓಡಿ, ಯಾರೂ ಇಲ್ಲದ್ದು ನೋಡಿ ಹಾಗೇ ಕೂತುಬಿಡೋಳು. ಮಾವನೂ ಅದನ್ನು ನೋಡುತ್ತಿದ್ದರು. ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಳ್ಳೋರು.

ಅಷ್ಟರಲ್ಲಿ ಮಗುವಿಗೆ ಕಿವಿ ಚುಚ್ಚಿಸೋ ಹೊತ್ತು ಬಂತು. ವರ್ಷ ತುಂಬೋದರೊಳಗೆ ಮಾಡಬೇಕು, ಸೋದರಮಾವನ ತೊಡೆ ಮೇಲೆ ಕೂರಿಸಿ ಮಾಡಬೇಕು. ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಮಗು ಹುಟ್ಟಿದ ದಿನವೇ ಅಪ್ಪ ಅವಳ ಕಿವಿ ಮುಟ್ಟಿ, "ಸೋದರಮಾವ ಇಲ್ದಿದ್ರೆ ಏನಂತೆ, ಈ ತೊಡೆ ಐತೆ" ಅಂದಿದ್ದರು. ಈಗ ನಾನು ಫೋನ್ ಮಾಡಿ ದಿನ ಹೇಳಿದರೆ, "ಅವ್ರ ಪೈಕಿ ಯಾರನ್ನಾನ ಕೂರಿಸ್ಕಳ್ರವ್ವ. ಬಿಟ್ಟಿ ತಿನ್ನೋನ ತೊಡೆ ಯಾಕೆ?" ಅಂದುಬಿಟ್ಟರು. ಅಪ್ಪ ಕೂರದಿದ್ದರೆ ನನಗೆ ಆ ಶಾಸ್ತ್ರವೇ ಬೇಡ ಅಂತ ಫೋನಲ್ಲೇ ಅಂದೆ. ತವರಿನವರು ಯಾರೂ ಇಲ್ಲದವಳ ಹಾಗೆ ನನ್ನ ಮಗಳು ಯಾರದೋ ತೊಡೆ ಮೇಲೆ ಕೂತು ಅಳೋದನ್ನು ನಾನು ಹೇಗೆ ನೋಡಲಿ?

ಫೋನಿನಲ್ಲಿ ನಾನಾಡಿದ್ದು ಮಾವನ ಕಿವಿಗೆ ಬಿದ್ದಿರಬೇಕು. ಸಂಜೆ ಮಗುವನ್ನು ಎತ್ತಿಕೊಂಡು, ನನಗೆ ಕೇಳೋ ಹಾಗೆ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು. "ಪುಟ್ಟಕ್ಕಾ, ಅವತ್ತು ಏನೋ ಬಾಯಿ ಜಾರ್ತು, ಮನಸಲ್ಲಿ ಇಟ್ಕೋಬೇಡಿ ಅಂತ ನಿಮ್ ತಾತಂಗೆ..."

ನನಗೆ ಎಲ್ಲಿತ್ತೋ ಸಿಟ್ಟು! ಹೋಗಿ ಮಗುವನ್ನು ಅವರ ಕೈಯಿಂದ ತಗೊಂಡೆ. "ಮಗೂಗೆ ಹೇಳ್ಬೇಡಿ ಮಾವ. ಅದಕ್ಕೆ ಉದ್ದನಪಲ್ಲಿ ಬಸ್ಸು ಹತ್ತೋಕೆ ಬರಲ್ಲ" ಅಂದೆ.

ಅತ್ತೆ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆ ಮನೆಯಲ್ಲಿ ಮಾವನಿಗೆ ನಾನು ಎದುರಾಡಿದ್ದು ಅದೇ ಮೊದಲು. ಮಾವ ನನ್ನ ಮುಖ ನೋಡಿದರು. ಮಾರನೇ ಬೆಳಗ್ಗೆ ಇಸ್ತ್ರಿ ಪ್ಯಾಂಟು ಹಾಕಿಕೊಂಡು, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು.

ಅಲ್ಲಿ ಆಗಿದ್ದನ್ನು ನಮ್ಮವ್ವ ಮಧ್ಯಾಹ್ನ ಫೋನಿನಲ್ಲಿ ಹೇಳಿದಳು. ಅಪ್ಪ ಬೀನ್ಸ್ ಹೊಲದಲ್ಲಿದ್ದರಂತೆ. ಮೋಟ್ರು ಓಡೋ ಕರೆಂಟು ಬರೋದೇ ಸ್ವಲ್ಪ ಹೊತ್ತು, ಅದು ಆಗತಾನೇ ಬಂದಿತ್ತಂತೆ. ಮಾವ ಬದುವಿನ ಮೇಲೆ ಚಪ್ಪಲಿ ಜಾರಿಸಿಕೊಂಡು ಬರೋದನ್ನು ನೋಡಿಯೂ ಅಪ್ಪ ಸನಿಕೆ ಬಿಡಲಿಲ್ಲ. "ಕರೆಂಟು ಹೋಗೋದ್ರೊಳಗೆ ನೀರು ಕಟ್ಬೇಕು ಬೀಗ್ರೇ, ಕೂತ್ಕಳಿ" ಅಂದರಂತೆ. ಮಾವ ಕೂರಲಿಲ್ಲ. ಪ್ಯಾಂಟು ಮಂಡಿಗೆ ಮಡಿಚಿಕೊಂಡು ಸಾಲಿನ ಆ ತುದಿಗೆ ಹೋಗಿ ನಿಂತು, ನೀರು ಮುಟ್ಟಿದಾಗಲೆಲ್ಲ "ಬಂತು ಬೀಗ್ರೇ, ಬಂತು" ಅಂತ ಕೂಗಿದರಂತೆ. ಅರ್ಧ ಹೊಲ ಆಗುವಷ್ಟರಲ್ಲಿ ಕರೆಂಟು ಹೋಯಿತು. ಸಾಲಿನ ನೀರು ಮಾವನ ಕಾಲ ಹತ್ತಿರ ಬರದೆ ಅಲ್ಲೇ ಇಂಗಿತು.

"ಏನ್ರೀ ಇದು ಅನ್ಯಾಯ! ಕೊಟ್ಟಂಗೆ ಮಾಡಿ ಕಿತ್ಕೊಳ್ಳೋದು! ಇದನ್ನ ಬಿಟ್ಟಿ ಅಂದ್ನಲ್ಲ ನಾನು!" ಅಂತ ಮಾವ ಹೊಲದ ಮಧ್ಯೆ ಕಿರುಚಿಕೊಂಡರಂತೆ. ಆಮೇಲೆ ಕೆಸರುಗಾಲಲ್ಲೇ ಅಪ್ಪನ ಮುಂದೆ ಬಂದು, "ಆಡಬಾರದ ಮಾತು ಆಡ್ದೆ ಬೀಗ್ರೇ. ನಿಮ್ಮ ತೊಡೆ ಇಲ್ದೆ ಮಗೀಗೆ ಕಿವಿ ಚುಚ್ಚಿಸಲ್ಲ" ಅಂದರಂತೆ. ಅಪ್ಪ ಕೈ ತೊಳೆದುಕೊಂಡು ವೀಳ್ಯ ತಗೊಂಡರು. ಆದರೆ ಬರ್ತೀನಿ ಅಂತ ಬಾಯಿಬಿಟ್ಟು ಹೇಳಲಿಲ್ಲ, "ನೋಡಾನ" ಅಂದರಂತೆ. ಅಪ್ಪನ ಹಟ ನನಗೆ ಗೊತ್ತಲ್ಲ, ಆ ‘ನೋಡಾನ’ ನಂಬೋ ಹಾಗಿರಲಿಲ್ಲ.

ಕಿವಿ ಚುಚ್ಚಿಸೋ ದಿನ ಬೆಳಗ್ಗೆ ಕರೆಂಟಿರಲಿಲ್ಲ. ಸೋಲಾರ್ ನೀರಲ್ಲೇ ಮಗುವಿಗೆ ಎಣ್ಣೆನೀರು ಹಾಕಿ, ಹೊಸ ಲಂಗ ತೊಡಿಸಿದೆ. ಆಚಾರಿ ಬಂದು ಚಾಪೆ ಮೇಲೆ ಕೂತ. ನೆಂಟರು ಬಂದರು. ನನ್ನ ಕಣ್ಣು ಗೇಟಿನ ಮೇಲೆಯೇ. ಮಾವ ಒಳಗೂ ಹೊರಗೂ ಓಡಾಡುತ್ತಿದ್ದರು. ಕೊನೆಗೆ ಬೀದಿ ತುದಿಯಲ್ಲಿ ಟೆಂಪೋ ಹಾರನ್ ಕೇಳಿತು. ನಾನು ಹೆದರಿಬಿಟ್ಟೆ, ಬರೀ ಚೀಲ ಕಳಿಸಿಬಿಟ್ಟರೇನೋ ಅಂತ.

"ಅಮ್ಮಣ್ಣೀ!"

ಹೊಸ ಪಂಚೆ ಉಟ್ಟಿದ್ದರು. ಹಿಂದೆ ಅವ್ವ, ಕೈಯಲ್ಲಿ ತಟ್ಟೆ, ತವರಿನ ಓಲೆ. ಅಪ್ಪ ಯಾರ ಮುಖವನ್ನೂ ನೋಡದೆ ನೇರ ಚಾಪೆಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತು ತೊಡೆ ತಟ್ಟಿದರು. ಮಗಳು ಅವರ ಮೀಸೆ ಹಿಡಿದುಕೊಂಡಳು. ಆಚಾರಿ ಚುಚ್ಚಿದಾಗ ಅವಳು ಮನೆ ಹಾರಿಹೋಗೋ ಹಾಗೆ ಕಿರುಚಿದಳು. ಅಪ್ಪನ ಕಣ್ಣಲ್ಲೂ ನೀರು, ಎದುರಿಗೆ ನಿಂತ ಮಾವನ ಕಣ್ಣಲ್ಲೂ ನೀರು. ಇಬ್ಬರೂ ಮಗುವಿಗಿಂತ ಕಡೆ.

ಎಲ್ಲ ಮುಗಿದ ಮೇಲೆ ಅತ್ತೆ ಕಾಫಿ ಮಾಡಿದರು. ನಾನು ತಟ್ಟೆಗೆ ಕೈ ಹಾಕುವಷ್ಟರಲ್ಲಿ ಮಾವ ಬಂದು ಒಂದು ಲೋಟ ತಾವೇ ಎತ್ತಿಕೊಂಡರು. ಅಡುಗೆಮನೆ ಹೊಸಿಲು ದಾಟದ ಮನುಷ್ಯ. ಅಪ್ಪನ ಮುಂದೆ ಬಗ್ಗಿ, "ತಗೊಳ್ಳಿ ಬೀಗ್ರೇ" ಅಂದರು. ಅಪ್ಪ ತಗೊಂಡು, ಒಂದು ಗುಟುಕು ಕುಡಿದು, ಮಾವನ ಮುಖವನ್ನೇ ನೆಟ್ಟಗೆ ನೋಡಿ, "ಏನೇ ಅನ್ನಿ, ಆ ಕಾತ್ತಾಡಿ ವಿಷ್ಯದಾಗೆ ನಿಮ್ದು ತಪ್ಪೇ" ಅಂದರು.

ಮಾವ ಚಾಪೆ ಮೇಲೆ ಅವರ ಪಕ್ಕದಲ್ಲೇ ಕುಕ್ಕರಿಸಿ, "ಎಲ್ಲಿ ತಪ್ಪು? ತೋರ್ಸಿ ನೋಡಾನ!" ಅಂತ ತೊಡೆ ತಟ್ಟಿದರು. ಅಬ್ಬಾ, ಆಮೇಲೆ ಇಬ್ಬರಿಗೂ ಹಿಡಿತವೇ ಇಲ್ಲ. ಹಸು, ಹಾಲು, ಹೊಗೆ, ಮೋಟ್ರು, ಓನರ್ರು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾ ಮುಖಕ್ಕೆ ಮುಖ ಕೊಟ್ಟು ವಾದ. ಅಪ್ಪನ ತೊಡೆ ಮೇಲೆ ಕೂತ ಮಗಳು, ಕೆಂಪಗೆ ಊದಿದ ಕಿವಿಗಳ ಮಗಳು, ಇವರ ಬಾಯಿ ನೋಡಿದಳು, ಅವರ ಬಾಯಿ ನೋಡಿದಳು. ಯಾರೂ ತನಗೆ ಏನೂ ಹೇಳಲಿಲ್ಲ. ಸಾಕಾಗಿ ಹೋಯಿತೋ ಏನೋ, ಎರಡು ಕೈಯಲ್ಲೂ ಅಪ್ಪನ ಗಲ್ಲ ಹಿಡಿದು ಅವರ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಅಪ್ಪ ಜೋರಾಗಿ ನಕ್ಕು ಖಾಲಿ ಲೋಟವನ್ನು ನನ್ನ ಕಡೆ ಚಾಚಿದರು. "ಇನ್ನೊಂದು ಲೋಟ ತತ್ತಾ ಅಮ್ಮಣ್ಣಿ. ನಿಮ್ಮಾವ ಸುಲಭಕ್ಕೆ ಒಪ್ಪೋ ಪೈಕಿ ಅಲ್ಲ."