ಜೋಪಾನಕ್ಕೆ ಕೊಟ್ಟ ಕಾರ್ಡು

ತಾಂಡೂರಿನ ಚಪ್ಪಡಿಕಲ್ಲನ್ನು ಕೊಂಡು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ಕಲ್ಲು ಕೊಯ್ಯುವವರನ್ನಾಗಲಿ ಉಜ್ಜುವವರನ್ನಾಗಲಿ ಯಾರಾದರೂ ಜೀತಕ್ಕಿಟ್ಟುಕೊಂಡಂತೆ ದುಡಿಸುತ್ತಿದ್ದಾರೆಯೇ ಎಂದು ನೋಡಿ ವರದಿ ಬರೆಯಬೇಕು. ಕೈಯಲ್ಲೊಂದು ಪ್ರಶ್ನೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಒಂದು: ಕೆಲಸಗಾರರ ಗುರುತಿನ ಕಾರ್ಡನ್ನು ಬೇರೆಯವರು ಹಿಡಿದಿಟ್ಟುಕೊಂಡಿದ್ದಾರೆಯೇ?

ಊರಾಚೆಯ ಒಂದು ಪಾಲಿಶ್ ಶೆಡ್ಡಿನಲ್ಲಿ ಈ ಪ್ರಶ್ನೆಯನ್ನು ಒಬ್ಬ ಹೆಂಗಸಿಗೆ ಕೇಳಿದೆ. ಕಂಗ್ಟಿ ಕಡೆಯವಳು, ಕುರಿ ಸಾಕುವ ಮನೆತನ. ದಿನವಿಡೀ ಯಂತ್ರದ ನೀರಿನಲ್ಲಿ ನಿಂತು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ಮುಕದ್ದಮನ ಕಡೆ ಅದರಿ," ಎಂದಳು. ಮುಕದ್ದಮನೆಂದರೆ ಊರೂರಿನಿಂದ ಆಳುಗಳನ್ನು ಕರೆತಂದು ಕೆಲಸಕ್ಕೆ ಹಚ್ಚುವವನು. "ನಾವೇ ಕೊಟ್ಟೀವ್ರಿ, ಜೋಪಾನಕ್ಕ. ನಮ್ಮ ಗುಡಿಸಲ್ದಾಗ ನೀರ್ ಸೋರ್ತದ."

ಅವರಾಗಿಯೇ ಕೊಟ್ಟಿದ್ದಾರೆ ಎಂದುಕೊಂಡೆ. ಪಟ್ಟಿಯಲ್ಲಿ 'ಇಲ್ಲ' ಎಂದು ಬರೆದೆ.

ಹಾಗೆ ಬರೆಯಲು ನನಗೆ ಕಷ್ಟವಾಗಲಿಲ್ಲ. ಜಹೀರಾಬಾದಿನ ನಮ್ಮ ಮನೆಯಲ್ಲೂ ಇದೇ ರೂಢಿ ಇತ್ತು. ಕುರಿಯವರು ಮಂದೆ ಹೊಡೆದುಕೊಂಡು ದೂರದ ಸೀಮೆಗೆ ಹೊರಡುವಾಗ ರೇಷನ್ ಕಾರ್ಡು, ಜಮೀನಿನ ಕಾಗದಗಳನ್ನು ಅಪ್ಪನ ಟ್ರಂಕಿನಲ್ಲಿ ಇಟ್ಟು ಹೋಗುತ್ತಿದ್ದರು. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಓದುವಾಗ ಇದನ್ನೇ ಹಳ್ಳಿಯ ಪರಸ್ಪರ ನಂಬಿಕೆಗೆ ಉದಾಹರಣೆಯಾಗಿ ಕೊಟ್ಟು ಹೊಗಳಿಸಿಕೊಂಡಿದ್ದೆ. ಕಾಗದ ವಾಪಸು ಕೇಳಲು ಬಂದ ಒಬ್ಬ ಮುದುಕ ನಮ್ಮ ಕಟ್ಟೆಯ ಕೆಳಗೆ ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದದ್ದು ಈಗೀಗ ನೆನಪಾಗುತ್ತದೆ. ಅಪ್ಪ ಕೊಟ್ಟನೋ, "ನಮ್ಮ ಹೊಲದ ರಾಶಿ ಮುಗಿಸಿಕೊಟ್ಟು ಒಯ್ಯಿ" ಅಂದನೋ ತಿಳಿಯದು. ಆ ಮುದುಕನೇ ನಿಜವೋ, ಈ ಕೆಲಸಕ್ಕೆ ಸೇರಿದ ಮೇಲೆ ನಾನು ಕಟ್ಟಿಕೊಂಡವನೋ, ಅದೂ ಗೊತ್ತಿಲ್ಲ. ಕೇಳಿ ತಿಳಿಯಲು ಮನೆಯವರಾರೂ ಈಗಿಲ್ಲ. ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ.

ಅಂದು ಸಂಜೆ ತಾಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಹೆಂಗಸನ್ನು ಮತ್ತೆ ಕಂಡೆ. ಜಹೀರಾಬಾದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಂಡಕ್ಟರನ ಜೊತೆ ವಾದಿಸುತ್ತಿದ್ದಳು. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಆದರೆ ಆಧಾರ್ ಕಾರ್ಡು ತೋರಿಸಬೇಕು.

"ಕಾರ್ಡಿಲ್ದ ಜೀರೋ ಟಿಕೇಟ್ ಕೊಡಾಕ ಬರಂಗಿಲ್ಲವ್ವ. ನನ್ನ ನೌಕ್ರಿ ಕಳೀತೀ ಏನು? ಇಳಿ, ಇಳಿ."

ಇಳಿದಳು. ಜಹೀರಾಬಾದಿನಾಚೆಯ ನಾರಾಯಣಖೇಡದ ದವಾಖಾನೆಯಲ್ಲಿ ಮಗಳನ್ನು ಚೊಚ್ಚಲ ಹೆರಿಗೆಗೆ ಸೇರಿಸಿದ್ದಾರಂತೆ. ಮಧ್ಯಾಹ್ನ ಕಾರ್ಡು ಕೇಳಿದರೆ ಮುಕದ್ದಮ, ಹಂಗಾಮು ಮುಗಿಯಲಿ ಅಂದನಂತೆ. ಟಿಕೇಟಿನ ಹಣ ನಾನು ಕೊಡುತ್ತೇನೆಂದೆ.

"ಬ್ಯಾಡ್ರಿ. ಕಾರ್ಡ್ ಬಿಟ್ಟು ಹೋದ್ರ ಮತ್ತ ಅವನ ಕಡೇನ ದುಡಿಯಾಕ ಬರ್ಬೇಕಲ್ರಿ."

"ಜೋಪಾನಕ್ಕೆ ಕೊಟ್ಟಿದ್ದೀನಿ ಅಂದ್ಯಲ್ಲವ್ವಾ?"

"ಕೊಡಾಗ ಜೋಪಾನಕ್ಕೇ ಕೊಟ್ಟೀನ್ರಿ. ಇಸ್ಕೊಳ್ಳಾಕ ಹೋದಾಗಲ್ಲೇನ್ರಿ ಗೊತ್ತಾಗೋದು? ನೀವು ಅದ ಕೇಳ್ಲೇ ಇಲ್ಲ."

ನಿಜ. ವಾಪಸು ಕೇಳಿದರೆ ಕೊಡುತ್ತಾರೆಯೇ ಎಂದು ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಮುಕದ್ದಮನ ಮನೆಗೆ ಹೋದೆ. ಅವನು ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಆಗಷ್ಟೇ ಪೂಜೆ ಮುಗಿಸಿದ್ದ. ನನ್ನ ಮನೆತನದ ಹೆಸರು ಕೇಳಿ, "ಅಯ್ಯೋ, ನಮ್ಮವ್ರೇ ಆದ್ರಲ್ಲ! ಚಾ ತಗೊಳ್ರಿ," ಎಂದ. ಅವಳು ಅಂಗಳದಲ್ಲೇ ನಿಂತಿದ್ದಳು. ನಾನು ವಿಷಯ ಹೇಳಿದೆ. ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದು ತೆರೆದ. ರಬ್ಬರು ಸುತ್ತಿದ ಇಪ್ಪತ್ತಮೂರು ಕಾರ್ಡುಗಳು.

"ಕೊಡಾಕ ನಂದೇನ್ ತಕರಾರಿಲ್ರಿ. ಆದ್ರ ಆಕಿ ತಿರುಗಿ ಬರ್ಲಿಲ್ಲಂದ್ರ ಮಾಲಕರು ಯಾರ್ನ ಕೇಳ್ತಾರ? ನಿಮಗಷ್ಟು ಭರೋಸಾ ಇದ್ರ ನಿಮ್ಮ ಕಾರ್ಡ್ ಇಡ್ರಿ ಸಾಹೇಬ್ರ, ಆಕಿದು ಒಯ್ರಿ," ಎಂದು ನಕ್ಕ.

ಅಲ್ಲಿಂದಲೇ ಕಂಪನಿಗೆ ಫೋನು ಮಾಡಬೇಕಿತ್ತು. ಮಾಡಿದ್ದರೆ ನಿನ್ನೆ ಬರೆದ 'ಇಲ್ಲ' ತಪ್ಪೆಂದು ಬಯಲಾಗುತ್ತಿತ್ತು. ಹೊರಗೆ ಅವಳು ಬಸ್ಸಿನ ಹೊತ್ತು ಮೀರುತ್ತದೆಂದು ಕಾಲು ಬದಲಿಸುತ್ತಿದ್ದಳು. ನಾನು ಜೇಬಿನಿಂದ ನನ್ನ ಆಧಾರ್ ತೆಗೆದು ಡಬ್ಬಿಗೆ ಹಾಕಿ, ಅವಳದನ್ನು ಎತ್ತಿಕೊಂಡೆ. ಅವಳು ಅದನ್ನೂ ನನ್ನ ಫೋನ್ ನಂಬರಿನ ಚೀಟಿಯನ್ನೂ ಸೆರಗಿನ ಗಂಟಿಗೆ ಕಟ್ಟಿ ರಸ್ತೆಗೆ ಓಡಿದಳು.

ಆ ರಾತ್ರಿಗೆ ಜಹೀರಾಬಾದಿಗೆ ಬಂದೆ. ಲಾಡ್ಜಿನವನು ಕಾರ್ಡು ಕೇಳಿದ. ಫೋನಿನಲ್ಲಿದ್ದ ಚಿತ್ರ ತೋರಿಸಿದರೆ, "ಅಸಲಿ ಬೇಕ್ರಿ, ಪೊಲೀಸ್ರು ಕಿರಿಕಿರಿ ಮಾಡ್ತಾರ," ಎಂದ. ಹುಟ್ಟಿ ಬೆಳೆದ ಊರಿನಲ್ಲಿ, ನಾನು ಇಂಥ ಮನೆಯವನೆಂದು ಹೇಳಬಲ್ಲ ಒಬ್ಬರ ಹೆಸರೂ ನನಗೆ ಹೊಳೆಯಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಚೀಲವನ್ನು ತಲೆಗಿಟ್ಟುಕೊಂಡು ಮಲಗಿದೆ. ತಾಂಡೂರಿನಲ್ಲಿ ಅವನು ನನ್ನ ಕಾರ್ಡಿಗೂ ರಬ್ಬರು ಸುತ್ತಿರಬಹುದೆಂದು ಯೋಚಿಸುತ್ತಿದ್ದೆ. ಉಳಿದ ಇಪ್ಪತ್ತೆರಡು ಮಂದಿಯ ಮುಖಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವರನ್ನೂ ಅದೇ ಪ್ರಶ್ನೆ ಕೇಳಿ ಅದೇ ಉತ್ತರ ಬರೆದುಕೊಂಡಿದ್ದೆ.

ಮೂರನೇ ದಿನ ಫೋನು ಬಂತು. ಆ ಹೆಂಗಸಿನ ಅಳಿಯನ ಫೋನು, ಅವಳ ದನಿ.

"ಹೆಣ್ಣ್ ಹುಟ್ಯಾದ್ರಿ. ಇಬ್ರೂ ಛಲೋ ಅದಾರ. ನಾ ಮತ್ತ ಆ ಕಡೆ ಬರಂಗಿಲ್ರಿ, ಕುರಿ ಹಿಂದೇ ಹೋಗ್ತೀನಿ." ಆಮೇಲೆ ಕೇಳಿದಳು, "ನಿಮ್ಮ ಕಾರ್ಡ್ ಕೊಟ್ಟಾನೇನ್ರಿ?"

"ಕೊಟ್ಟಾನವ್ವಾ," ಎಂದೆ.

ಫೋನಿಟ್ಟ ಮೇಲೆ ಆ ಶೆಡ್ಡಿನ ವರದಿ ತೆರೆದೆ. 'ಇಲ್ಲ' ಹೊಡೆದುಹಾಕಿ 'ಹೌದು' ಎಂದು ಬರೆದೆ. ಎಷ್ಟು ಕಾರ್ಡುಗಳೆಂಬ ಜಾಗದಲ್ಲಿ ಇಪ್ಪತ್ತಮೂರು ಎಂದು ತುಂಬಿ, ಅದರಲ್ಲೊಂದು ವರದಿ ಬರೆದವನದು, ಮೊದಲ ಉತ್ತರ ತಪ್ಪು, ಈ ಶೆಡ್ಡಿನ ಕಲ್ಲು ಕೊಳ್ಳುವುದನ್ನು ನಿಲ್ಲಿಸುವುದಾದರೆ ಅದಕ್ಕೆ ಮೊದಲು ಎಲ್ಲ ಕಾರ್ಡುಗಳೂ ಅವರವರ ಕೈಗೆ ಸೇರಬೇಕು ಎಂದು ಕೆಳಗೆ ಸೇರಿಸಿದೆ. ಕಳಿಸಿದ ಮೇಲೆ ಆಫೀಸಿನಿಂದ ಒಂದೇ ಪ್ರಶ್ನೆ ಬಂತು: ನಿಮ್ಮ ಕಾರ್ಡು ಅಲ್ಲೇಕಿದೆ? ಉತ್ತರ ಬರೆಯಲು ಕೂತಿದ್ದೇನೆ.