ತಟ್ಟೆ ಅಕ್ಕನ ಇಪ್ಪತ್ತಾರು ದಿನ

ಬೆಳಗಿನ ಆರು ಗಂಟೆ. ಗ್ರಂಥಾಲಯದ ಮುಂಬಾಗಿಲು ತೆರೆಯಲು ಇನ್ನೂ ಮೂರೂವರೆ ತಾಸು ಇದೆ. ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸೋಪಿನ ನೀರು ತುಂಬಿದ ಟಬ್ಬಿನಿಂದ ಒಂದು ಸಿ.ಡಿ. ಡಿಸ್ಕ್ ಎತ್ತಿ, ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ದೀಪಕ್ಕೆ ಹಿಡಿದು ನೋಡುತ್ತಾರೆ ತಟ್ಟೆ ಅಕ್ಕ. ಮೈಮೇಲೆ ಹೆಬ್ಬೆರಳುದ್ದದ ಗೀರು.

“ಯಾವ ಪುಣ್ಯಾತ್ಮ ಇದರ ಮೇಲೆ ಕಾಫಿ ಲೋಟ ಇಟ್ಟಿದ್ದನೋ!” ಎಂದು ಗೊಣಗಿ ಅದನ್ನು ಕೆಂಪು ಬಕೆಟ್ಟಿಗೆ ಹಾಕುತ್ತಾರೆ. ಗೀರು ಬಿದ್ದವಕ್ಕೆಲ್ಲ ಅದೇ ಜಾಗ.

“ಅಕ್ಕಾ, ಮೂರನೇದು ಒದ್ದಾಡ್ತಿದೆ ನೋಡಿ” ಎನ್ನುತ್ತಾರೆ ಬೆನ್ನ ಹಿಂದೆ ಕುಳಿತ ಆಪರೇಟರ್. ಗ್ರಂಥಾಲಯದ ಟೆಲಿಫೋನ್ ನೋಡಿಕೊಳ್ಳುವ ಇವರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಡಿಸ್ಕ್ ಓದುವ ಏಳು ಡ್ರೈವ್‌ಗಳು ಒಟ್ಟಿಗೆ ಗುಂಯ್‌ಗುಡುತ್ತಿದ್ದರೂ ಯಾವುದರ ಸದ್ದು ಕೆಟ್ಟಿತು ಎಂದು ಕೂತಲ್ಲೇ ಹೇಳಬಲ್ಲರು.

“ಅದರದ್ದು ದಿನಾ ಇದೇ ಗೋಳು ಕಣೇ. ಮಾಡೋ ಕೆಲಸಕ್ಕಿಂತ ನರಳೋದೇ ಜಾಸ್ತಿ.”

ಇಷ್ಟು ಬೇಗ ಬರುವುದು ಇಷ್ಟಪಟ್ಟಲ್ಲ. ಒಂಬತ್ತೂವರೆಗೆ ಮೇಲಿನ ಸಭಾಂಗಣದ ಏಸಿ ಹಾಕುತ್ತಾರೆ. ಹಾಕಿದ ಕೂಡಲೇ ವೋಲ್ಟೇಜ್ ಕುಸಿದು ಏಳರಲ್ಲಿ ನಾಲ್ಕು ಡ್ರೈವ್ ಅರ್ಧಕ್ಕೇ ನಿಲ್ಲುತ್ತವೆ. “ಎಂಟು ತಿಂಗಳಲ್ಲಿ ಅಲ್ಲಿ ನಡೆದಿದ್ದು ಎರಡೇ ಮೀಟಿಂಗು. ಕುರ್ಚಿಗಳಿಗೆ ಸೆಖೆ ಆಗ್ಬಾರದು ಅಂತ ಏಸಿ!” ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ಆ ಸಭಾಂಗಣ ಮೊದಲು ಡಿಸ್ಕ್‌ಗಳ ಕೋಣೆಯಾಗಿತ್ತು. ಇದು ಕಣ್ಣು ಕಾಣದವರಿಗಾಗಿ ಇರುವ ಗ್ರಂಥಾಲಯ. ಪಠ್ಯಪುಸ್ತಕ, ಕಾನೂನು, ಕಥೆ, ಕಾದಂಬರಿ ಎಲ್ಲವನ್ನೂ ಊರಿನ ಮೇಷ್ಟರುಗಳು, ಗೃಹಿಣಿಯರು, ನಿವೃತ್ತರು ಬಿಡುವಾದಾಗ ಬಂದು ಗಟ್ಟಿಯಾಗಿ ಓದಿ ಡಿಸ್ಕ್‌ಗೆ ತುಂಬಿದ್ದರು. ಅವುಗಳಿಗೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಅಟೆಂಡರ್ ಆಗಿ ಸೇರಿದಾಗ ಡಿಸ್ಕ್‌ಗಳನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಡುವುದೇ ಅವರ ಕೆಲಸ. “ಹೊಸ ತಟ್ಟೆ ಬಂತಾ ಅಕ್ಕಾ?” ಎಂದು ಓದುಗರು ಫೋನಿನಲ್ಲಿ ಕೇಳೀ ಕೇಳೀ ಆ ಹೆಸರೇ ಅಂಟಿಕೊಂಡಿತು. ಟೈಲರ್ ಆಗಿರುವ ಗಂಡನಿಗೆ ಅದರಲ್ಲೊಂದು ತಮಾಷೆ: “ಆಫೀಸಿನ ತಟ್ಟೆ ಅವಳು ತೊಳೀತಾಳೆ, ಮನೆ ತಟ್ಟೆ ನಾನು ತೊಳೀತೀನಿ. ಸಮ ಆಯ್ತಲ್ಲ.”

ಕಳೆದ ವರ್ಷ ಒಂದು ದಿನ ಸೂಪರಿಂಟೆಂಡೆಂಟ್ ಸಾಹೇಬರು ಅಕ್ಕನನ್ನು ಕರೆಸಿದರು. ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು, ಡಿಸ್ಕ್‌ಗಳು ಗುಜರಿಗೆ ಹೋಗಲಿ ಎಂದರು.

“ಸಾರ್, ಅದರಲ್ಲಿ ಪುಸ್ತಕ ಇದೆ.”

“ಈಗೆಲ್ಲ ಇಂಟರ್ನೆಟ್‌ನಲ್ಲೇ ಸಿಗುತ್ತಲ್ಲಮ್ಮ.”

“ಇವು ಸಿಗಲ್ಲ ಸಾರ್. ಇಲ್ಲೇ ಓದಿದ್ದು, ಇಲ್ಲೇ ಇರೋದು.”

“ಹಾಗಾದ್ರೆ ಕಾಪಿ ಮಾಡ್ಕೊಳ್ಳಿ. ಬೇಡ ಅಂದೋರು ಯಾರು?”

ಅಕ್ಕ ಲೆಕ್ಕ ಹಾಕಿದರು. ಡಿಸ್ಕ್‌ಗಳು ಎರಡು ಸಾವಿರದ ಎಂಟುನೂರ ಅರವತ್ತು. ಇರುವುದು ಒಂದೇ ಡ್ರೈವ್. ಒಂದು ಡಿಸ್ಕ್‌ಗೆ ಇಪ್ಪತ್ತೈದು ನಿಮಿಷ, ಹೆಸರು ಬರೆದು ಸೇರಿಸುವುದು ಬೇರೆ. ದಿನಕ್ಕೆ ಹದಿನಾಲ್ಕು ಆದರೆ ಪುಣ್ಯ. ಮುಗಿಯಲು ಇನ್ನೂರಕ್ಕೂ ಹೆಚ್ಚು ದಿನ ಬೇಕು. ಕೈಯಲ್ಲಿ ಇದ್ದದ್ದು ಇಪ್ಪತ್ತಾರು ಕೆಲಸದ ದಿನ.

ಗೋದಾಮಿನಲ್ಲಿ ಕೆಟ್ಟ ಕಂಪ್ಯೂಟರ್‌ಗಳು ಧೂಳು ತಿನ್ನುತ್ತಿದ್ದವು. ಅವುಗಳ ಡ್ರೈವ್ ಬಿಚ್ಚಿಕೊಳ್ಳಲು ಅನುಮತಿ ಕೇಳಿ ಅಕ್ಕ ಅರ್ಜಿ ಕೊಟ್ಟರು. “ಒಂದು ಡ್ರೈವ್ ಸುಸ್ಥಿತಿಯಲ್ಲಿರುವಾಗ ಮತ್ತೆ ಆರರ ಅಗತ್ಯವೇನೆಂದು ಲಿಖಿತವಾಗಿ ತಿಳಿಸತಕ್ಕದ್ದು” ಎಂದು ಉತ್ತರ ಬಂತು. ಅಕ್ಕ ತಿಳಿಸಿದರು. ಮತ್ತೊಂದು ಪ್ರಶ್ನೆ ಬಂತು. ಅದಕ್ಕೂ ತಿಳಿಸಿದರು. ಹೀಗೆ ಐದು ದಿನ ಮಣ್ಣುಪಾಲಾದವು. ಆರನೆಯ ದಿನ ಬೆಳಿಗ್ಗೆ ಅಕ್ಕ ನೇರ ಹೋಗಿ ಸಾಹೇಬರ ಮೇಜಿನ ಮುಂದೆ ನಿಂತರು. “ಏನಾದ್ರೂ ಮಾಡ್ಕೊಳ್ಳಿ, ನನ್ನ ತಲೆ ಮಾತ್ರ ತಿನ್ನಬೇಡಿ” ಎಂದರಂತೆ ಸಾಹೇಬರು.

“ಅದನ್ನೇ ಆರ್ಡರ್ ಅಂತ ತಿಳ್ಕೊಂಡೆ” ಎನ್ನುತ್ತಾರೆ ಅಕ್ಕ. ಗಂಡನ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದು ಆರು ಡ್ರೈವ್ ಬಿಚ್ಚಿದರು. ಹೇಗೆ ಜೋಡಿಸಬೇಕು ಎಂದು ಮೊಬೈಲಿನಲ್ಲಿ ನೋಡಿ, ಎರಡು ಕಂಪ್ಯೂಟರ್‌ಗೆ ಹಂಚಿ ಕೂರಿಸಿದರು.

ಅಷ್ಟಕ್ಕೇ ವೇಗ ಬರಲಿಲ್ಲ. ಡಿಸ್ಕ್ ಎಷ್ಟೇ ಶುಭ್ರವಾಗಿದ್ದರೂ ಕಾಪಿ ಮಾಡುವ ಪ್ರೋಗ್ರಾಂ ಪ್ರತಿ ತುಣುಕನ್ನೂ ಮತ್ತೆ ಮತ್ತೆ ಓದಿ ತಾಳೆ ನೋಡುತ್ತಿತ್ತು. ಗೀರು ಸಿಕ್ಕಿದರಂತೂ ಎಂಬತ್ತು ಸಲ. “ಹಾಲು ಉಕ್ಕಿತಾ ಅಂತ ಖಾಲಿ ಪಾತ್ರೆನೂ ಇಣುಕಿ ನೋಡೋ ಜಾತಿ ಅದು” ಎಂದು ಅಕ್ಕ ಇಂದಿಗೂ ಬೈಯುತ್ತಾರೆ. ಸೆಟ್ಟಿಂಗ್‌ನಲ್ಲಿ ಒಂದು ದಿನವಿಡೀ ತಡಕಾಡಿ ಆ ಚಾಳಿಯನ್ನು ನಿಲ್ಲಿಸಿದರು. ಒಳ್ಳೆಯ ಡಿಸ್ಕ್‌ಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದದ್ದು ಎಂಟಕ್ಕೆ ಇಳಿಯಿತು. ಗೀರು ಬಿದ್ದವನ್ನು ಕೊನೆಗೆ ತೊಳೆದು, ಒರೆಸಿ, ಡ್ರೈವಿನ ವೇಗ ತಗ್ಗಿಸಿ ಓದಿಸಿದರು. ನಿಧಾನಕ್ಕೆ ತಿರುಗಿದರೆ ಎಷ್ಟೋ ಗೀರುಗಳನ್ನು ಅದು ಒಂದೇ ಸಲಕ್ಕೆ ದಾಟುತ್ತಿತ್ತು.

ಆಮೇಲೆ ಹೆಸರಿನ ಕಾಟ ಶುರುವಾಯಿತು. ಪ್ರೋಗ್ರಾಂ ತಾನಾಗಿಯೇ ಇಂಟರ್ನೆಟ್‌ನಲ್ಲಿ ಹುಡುಕಿ ಡಿಸ್ಕ್‌ಗೆ ಹೆಸರಿಡುತ್ತಿತ್ತು. “ಅರ್ಥಶಾಸ್ತ್ರ, ಭಾಗ ಎರಡು” ಹೋಗಿ ಯಾವುದೋ ಕುಣಿತದ ಹಾಡುಗಳಾಯಿತು. ಹಾಗೆ ನಲವತ್ತು ಪುಸ್ತಕ ಕುಲಗೆಟ್ಟ ಮೇಲೆ ಅಕ್ಕನ ಕಣ್ಣಿಗೆ ಬಿತ್ತು. ಇಂಟರ್ನೆಟ್ ವೈರನ್ನೇ ಕಿತ್ತು ಮೂಲೆಗೆ ಎಸೆದು ತಲೆ ಮೇಲೆ ಕೈ ಹೊತ್ತು ಕುಳಿತರು. ಡಿಸ್ಕ್ ಬದಲಿಸುತ್ತ ಹೆಸರನ್ನೂ ಟೈಪ್ ಮಾಡಲು ಎರಡು ಕೈ ಸಾಲದು.

ಆಗ ಬಾಗಿಲಲ್ಲಿ ನಿಂತವರು ಆಪರೇಟರ್. “ಓದೋರು ಮೊದಲೇ ಪುಸ್ತಕದ ಹೆಸರು, ಭಾಗ ಎಲ್ಲ ಹೇಳ್ತಾರಲ್ಲ ಅಕ್ಕ? ನಾನು ಕೇಳಿ ಟೈಪ್ ಮಾಡ್ತೀನಿ. ಫೋನ್ ಇಲ್ಲಿಗೇ ತಿರುಗಿಸಿ.”

“ನಿನ್ನ ಕೆಲಸ?”

“ಫೋನ್ ಬಂದ್ರೆ ಎತ್ತೋದೇ ತಾನೆ ನನ್ನ ಕೆಲಸ? ಇಲ್ಲೂ ಎತ್ತುತ್ತೀನಿ.”

ಅಂದಿನಿಂದ ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಪುಸ್ತಕ. ದಿನಕ್ಕೆ ಹದಿನಾಲ್ಕು ಇದ್ದದ್ದು ಎಂಬತ್ತಾಯಿತು, ನೂರೈವತ್ತಾಯಿತು, ಕೊನೆಯ ವಾರದಲ್ಲಿ ಇನ್ನೂರು ದಾಟಿತು. ಅಕ್ಕನ ಬೆರಳ ತುದಿಗಳು ಸೋಪಿನ ನೀರಿಗೆ ಸುಲಿದುಹೋದವು.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ಮೂರಕ್ಕೆ ಗುಜರಿಯವರು ಗೋಣಿಚೀಲ ಹಿಡಿದು ಬಂದೇಬಿಟ್ಟರು. ಕೆಂಪು ಬಕೆಟ್ಟಿನಲ್ಲಿ ಇನ್ನೂ ಎಪ್ಪತ್ತು ಚಿಲ್ಲರೆ ಉಳಿದಿದ್ದವು. ಸಾಹೇಬರು ಗಡಿಯಾರ ನೋಡಿದರು. ಅಕ್ಕನಿಗೆ ರೇಗಿಹೋಯಿತು.

“ಐದೂವರೆವರೆಗೂ ಇವತ್ತೇ ಸಾರ್. ಅಲ್ಲಿವರೆಗೂ ಬಕೆಟ್ ಮುಟ್ಟಿದ್ರೆ ನೋಡಿ ಮತ್ತೆ!”

ಹತ್ತೊಂಬತ್ತು ವರ್ಷದಲ್ಲಿ ಅವರು ಸಾಹೇಬರ ಮುಂದೆ ದನಿ ಏರಿಸಿದ್ದು ಅದೊಂದೇ ಸಲ. ಸಾಹೇಬರು ಗುಜರಿಯವರಿಗೆ ಟೀ ತರಿಸಿದರು. ಐದೂವರೆಗೆ ಉಳಿದದ್ದು ನಲವತ್ತೇಳು. ಅವನ್ನು ಅಕ್ಕ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ನಡೆದರು. ಎರಡು ಸಾವಿರದ ಎಂಟುನೂರ ಹದಿಮೂರು ಡಿಸ್ಕ್‌ಗಳ ಓದು ಹಾರ್ಡ್ ಡಿಸ್ಕ್ ಸೇರಿತ್ತು.

ವಾರ್ಷಿಕ ವರದಿಯಲ್ಲಿ “ಡಿಜಿಟಲೀಕರಣ ಕಾರ್ಯ ಯಶಸ್ವಿಯಾಗಿ ಪೂರ್ಣಗೊಂಡಿದೆ” ಎಂಬ ಒಂದು ಸಾಲಿದೆ. ಪಕ್ಕದಲ್ಲಿ ಸಭಾಂಗಣದ ರಿಬ್ಬನ್ ಕತ್ತರಿಸುತ್ತಿರುವ ಸಾಹೇಬರ ಚಿತ್ರ. ಪೂರ್ಣಗೊಂಡ ಸುದ್ದಿ ಕೇಳಿ ಬೇರೆ ಊರಿನ ಶಾಖೆಗಳೂ ತಮ್ಮ ಪೆಟ್ಟಿಗೆಗಳನ್ನು ಇಲ್ಲಿಗೇ ಸಾಗಹಾಕುತ್ತಿವೆ. ಈಗ ಕಿರುಕೋಣೆಯ ಗೋಡೆಗೆ ಅಂಥ ಮೂವತ್ತೊಂದು ಪೆಟ್ಟಿಗೆ ಒರಗಿವೆ; ಬೆಳಿಗ್ಗೆ ಅಕ್ಕ ತೊಳೆಯುತ್ತಿದ್ದದ್ದು ಅವುಗಳಲ್ಲಿನ ಡಿಸ್ಕ್‌ಗಳನ್ನೇ. ನಲವತ್ತೇಳರಲ್ಲಿ ಎರಡು ಈಚೆಗೆ ಓದಿಸಿಕೊಂಡಿವೆ. ಉಳಿದವನ್ನು ವಾರಕ್ಕೊಮ್ಮೆ ಬೇರೆ ಬೇರೆ ಡ್ರೈವ್‌ಗೆ ಹಾಕಿ ನೋಡುವುದನ್ನು ಅಕ್ಕ ಬಿಟ್ಟಿಲ್ಲ.

ಹತ್ತು ಗಂಟೆಗೆ ಮೊದಲ ಫೋನು. ಆಪರೇಟರ್ ಕೇಳಿಸಿಕೊಂಡು ನಗುತ್ತಾರೆ. ವಕೀಲಿ ಪರೀಕ್ಷೆಗೆ ಓದುತ್ತಿರುವ ಹೆಣ್ಣುಮಗಳಂತೆ. ಕರಾರು ಕಾಯ್ದೆಯ ನಾಲ್ಕನೇ ಭಾಗ ಬೇಕಂತೆ, ಈಗಲೇ. ಹಿಂದೆ ಅಂಚೆಯಲ್ಲಿ ಒಂಬತ್ತು ದಿನ ಹಿಡಿಯುತ್ತಿದ್ದದ್ದು ಎರಡು ನಿಮಿಷದಲ್ಲಿ ಆಕೆಯ ಮೊಬೈಲಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಆಕೆಯದೇ ಫೋನು. ಓದಿದ ಮೇಷ್ಟರು ತೀರಾ ನಿಧಾನವಂತೆ, ಸ್ವಲ್ಪ ಬೇಗ ಓದಿಸಲಾಗದೇ ಎಂದು ತಕರಾರು.

“ಕಾಪಿ ಮಾಡೋದನ್ನ ಬೇಗ ಮಾಡಬಲ್ಲೆ, ಮೇಷ್ಟರನ್ನ ಬೇಗ ಮಾಡೋಕಾಗುತ್ತೇನಮ್ಮ?” ಎಂದು ಅಕ್ಕ ಕೋಣೆಯ ಈ ತುದಿಯಿಂದಲೇ ಕೂಗಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

ಯಾರಾದರೂ ಮೆಚ್ಚಿ ಒಂದು ಮಾತು ಹೇಳಲಿ ಅನ್ನಿಸುವುದಿಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ. “ಥ್ಯಾಂಕ್ಸ್ ಹೇಳೋಕೆ ಒಬ್ಬರೂ ಫೋನ್ ಮಾಡಲ್ಲ. ಮುಂದಿನ ಭಾಗ ಯಾಕಿನ್ನೂ ಬಂದಿಲ್ಲ ಅಂತ ಜಗಳಕ್ಕೆ ಮಾಡ್ತಾರೆ. ಮಾಡ್ಲಿ ಬಿಡಿ. ಹಿಂದಿನ ಭಾಗ ಓದಿ ಮುಗಿಸಿದ್ದಾರೆ ಅಂತ ತಾನೆ?”